ಎಷ್ಟು ದಿನ ಇತ್ತು ಆ ನೋವು?

ಅಕ್ಕನ ಎಕ್ಸ್‌ರೇ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ನೋಡುತ್ತಿದ್ದ ವೈದ್ಯೆ ನಮ್ಮ ಕಡೆ ತಿರುಗದೆಯೇ ಕೇಳಿದರು: "ಹಿಂದೆ ಯಾವಾಗಲಾದರೂ ಕಿಬ್ಬೊಟ್ಟೆಯಲ್ಲಿ ಜೋರಾಗಿ ನೋವು ಬಂದು, ಜ್ವರ ಹಿಡಿದು ಮಲಗಿದ್ದಿರಾ?" ಅಕ್ಕ ಇಲ್ಲವೆಂದು ತಲೆಯಾಡಿಸಿದಳು, ಆಮೇಲೆ ನನ್ನ ಮುಖ ನೋಡಿದಳು. ನನಗೂ ಅದೇ ಗಳಿಗೆಯಲ್ಲಿ ನೆನಪಾಗಿತ್ತು. "ಒಂದು ಸಲ ಬಂದಿತ್ತು, ಮದುವೆಯಾಗಿ ಐದಾರು ತಿಂಗಳಿಗೆ" ಎಂದು ನಾನೇ ಹೇಳಿದೆ. ವೈದ್ಯೆ ಕುರ್ಚಿ ತಿರುಗಿಸಿ ಕುಳಿತು, "ಎಷ್ಟು ದಿನ ಇತ್ತು ಆ ನೋವು?" ಎಂದರು. ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಆರು ವರ್ಷಗಳ ಹಿಂದೆ ಬಂದು ಹೋದ ಹೊಟ್ಟೆನೋವಿನ ದಿನಗಳನ್ನು ನಾವು ಎಣಿಸಿಟ್ಟಿರಲಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅವರು ನೋವು ಎಷ್ಟಿತ್ತು ಎಂದು ಕೇಳಲಿಲ್ಲ, ಎಲ್ಲಿತ್ತು ಎಂದೂ ಕೇಳಲಿಲ್ಲ. ಎಷ್ಟು ದಿನ ಎಂದು ಕೇಳಿದರು. ಯಾಕೆ ಹಾಗೆ ಕೇಳಿದರು ಎಂಬುದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಸಮಯ ಹಿಡಿಯಿತು.

ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದ ಕಾರಣ ತಿಳಿಯಲು ಅಕ್ಕನಿಗೆ ಮಾಡಿಸಿದ ಆ ಪರೀಕ್ಷೆಗೆ ಎಚ್‌ಎಸ್‌ಜಿ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರವವೊಂದನ್ನು ಗರ್ಭಕೋಶದೊಳಕ್ಕೆ ನಿಧಾನವಾಗಿ ಬಿಡುತ್ತಾರೆ. ಎಲ್ಲವೂ ಸರಿಯಿದ್ದರೆ ಅದು ಗರ್ಭಕೋಶವನ್ನು ತುಂಬಿ, ಎರಡೂ ಬದಿಯ ಗರ್ಭನಾಳಗಳಲ್ಲಿ ತೆಳುವಾದ ದಾರದಂತೆ ಹರಿದು, ತುದಿಯಿಂದ ಹೊಟ್ಟೆಯೊಳಕ್ಕೆ ಚೆಲ್ಲುತ್ತದೆ. ಅಕ್ಕನ ಚಿತ್ರದಲ್ಲಿ ಎಡಗಡೆಯ ದಾರ ಸ್ವಲ್ಪ ದೂರ ಹೋಗಿ ಉಬ್ಬಿ, ಮುಚ್ಚಿದ ಚೀಲದಂತೆ ನಿಂತುಬಿಟ್ಟಿತ್ತು. ಅಲ್ಲಿಂದ ಒಂದು ಹನಿಯೂ ಆಚೆಗೆ ಚೆಲ್ಲಿರಲಿಲ್ಲ. ಬಲಗಡೆ ದ್ರವ ಹೊರಬಂದಿತ್ತು, ಆದರೆ ಹರಡಬೇಕಾದಂತೆ ಹರಡದೆ ಒಂದೇ ಕಡೆ ಗುಂಪುಗಟ್ಟಿತ್ತು. ಹಳೆಯ ಸೋಂಕಿನ ಗುರುತು ಎಂದು ವೈದ್ಯೆ ವಿವರಿಸಿದರು. ಗರ್ಭಕೋಶ, ಗರ್ಭನಾಳಗಳಿಗೆ ಸೋಂಕು ಏರಿ ಆಗುವ ಬಾವಿಗೆ ಶ್ರೋಣಿಯ ಉರಿಯೂತ, ವೈದ್ಯರ ರೂಢಿಯ ಮಾತಿನಲ್ಲಿ ಪಿಐಡಿ, ಎಂಬ ಹೆಸರನ್ನು ನಾವು ಮೊದಲ ಬಾರಿ ಕೇಳಿದ್ದು ಅಂದು. ಕಾಯಿಲೆ ಬಂದು ಹೋಗಿ ಆರು ವರ್ಷಗಳಾದ ಮೇಲೆ ಅದರ ಹೆಸರು ನಮಗೆ ತಿಳಿಯಿತು.

ಆ ದಿನಗಳು ನನಗೆ ಚೂರುಚೂರಾಗಿ ನೆನಪಿವೆ. ಅಕ್ಕ ಕೆಲವು ದಿನ ನಮ್ಮೊಂದಿಗೆ ಇರಲು ಬಂದಿದ್ದಳು. ಮುಟ್ಟು ಆಗಷ್ಟೇ ನಿಂತಿತ್ತು, ಆದರೆ ಹೊಟ್ಟೆನೋವು ನಿಂತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಒಂದು ಕೈಯನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದು, ಒಂದೊಂದು ಮೆಟ್ಟಿಲಿನ ಮೇಲೂ ಎರಡೂ ಪಾದ ಊರಿ ಇಳಿಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ನಾನು ಬಿಸಿನೀರಿನ ಚೀಲ ತುಂಬಿಸಿ ಕೊಡುತ್ತಿದ್ದೆ. "ಮುಟ್ಟಿನ ನೋವೇ ಇರಬೇಕಕ್ಕಾ, ಇನ್ನೆರಡು ದಿನ ನೋಡೋಣ" ಎಂದು ಹೇಳಿದವಳೂ ನಾನೇ. ಅಮ್ಮ ತನಗೂ ಹೀಗೆಯೇ ಆಗುತ್ತಿತ್ತೆಂದು ಹೇಳಿ ನೋವಿನ ಮಾತ್ರೆ ಕೊಟ್ಟಳು. ರಾತ್ರಿ ಜ್ವರ ಬರುತ್ತಿತ್ತು, ಬೆಳಿಗ್ಗೆ ಬೆವರಿ ಇಳಿಯುತ್ತಿತ್ತು. ಒಂದು ರಾತ್ರಿ ಅಕ್ಕ ದೀಪ ಆರಿಸಿದ ಮೇಲೆ, ಬಿಳಿಸೆರಗು ಹಳದಿಯಾಗಿ ವಾಸನೆ ಬರುತ್ತಿದೆ, ಅಮ್ಮನಿಗೆ ಹೇಳಬೇಡ ಎಂದು ಪಿಸುಗುಟ್ಟಿದಳು. ನಾನು ಹೇಳಲಿಲ್ಲ. ಕೊನೆಗೆ ಒಬ್ಬ ವೈದ್ಯರ ಬಳಿ ಹೋದಾಗ ಅವಳು ಅದನ್ನು ಅವರಿಗೂ ಹೇಳಲಿಲ್ಲ; ಅವರು ಹೊಟ್ಟೆಯನ್ನು ಮುಟ್ಟಿ ನೋಡದೆ, ಮೂತ್ರದ ಸೋಂಕು ಎಂದು ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಮೂರನೆಯ ದಿನಕ್ಕೆ ನೋವು ತಗ್ಗಿತು. ಉಳಿದ ಮಾತ್ರೆಗಳು ಚೀಟಿಯ ಜೊತೆಗೆ ಎಲ್ಲೋ ಹೋದವು. ಅಕ್ಕ ಗುಣವಾದಳೆಂದು ನಾವೆಲ್ಲ ನಂಬಿದೆವು.

ಕೂದಲೆಳೆಯಷ್ಟು ದಾರಿ

ಈ ಕಾಯಿಲೆಯ ಬಗ್ಗೆ ಓದಲು ತೊಡಗಿದಾಗ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಗರ್ಭನಾಳದ ಅಳತೆ. ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಆ ನಾಳದ ಒಳದಾರಿ, ಗರ್ಭಕೋಶವನ್ನು ಸೇರುವ ಕಡೆ, ಹೆಚ್ಚೆಂದರೆ ಒಂದು ಮಿಲಿಮೀಟರ್ ಅಗಲವಿರುತ್ತದೆ. ಅಂಡವೂ ವೀರ್ಯಾಣುವೂ ಕೂಡುವುದು ಗರ್ಭಕೋಶದಲ್ಲಿ ಅಲ್ಲ, ಈ ನಾಳದೊಳಗೆ. ಕೂಡಿದ ಮೇಲೆ ಆ ಭ್ರೂಣ ಮೂರು ನಾಲ್ಕು ದಿನ ಪ್ರಯಾಣ ಮಾಡಿ ಗರ್ಭಕೋಶ ತಲುಪಬೇಕು. ಅದಕ್ಕೆ ಸ್ವಂತ ಚಲನೆಯಿಲ್ಲ. ನಾಳದ ಒಳಪದರದಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಗಾಳಿಗೆ ಬಾಗುವ ಪೈರಿನಂತೆ ಒಂದೇ ದಿಕ್ಕಿಗೆ ಬೀಸುತ್ತಾ, ನಾಳದ ಸ್ನಾಯುಗಳ ಜೊತೆಗೂಡಿ ಅದನ್ನು ಸಾಗಿಸುತ್ತವೆ. ಮನುಷ್ಯಜೀವದ ಮೊದಲ ಪ್ರಯಾಣ ಇಷ್ಟು ಸೂಕ್ಷ್ಮವಾದ ದಾರಿಯಲ್ಲಿ ನಡೆಯುತ್ತದೆ ಎಂಬುದನ್ನು ಶಾಲೆಯ ಚಿತ್ರಗಳಲ್ಲಿ ಗೆರೆ ಎಳೆದು ಹೆಸರು ಬರೆಯುತ್ತಿದ್ದಾಗ ನನಗೆ ಯಾರೂ ಹೇಳಿರಲಿಲ್ಲ.

ಸಾಮಾನ್ಯವಾಗಿ ಈ ಜಾಗಕ್ಕೆ ರೋಗಾಣುಗಳು ಬಾರದಂತೆ ಗರ್ಭಕಂಠದಲ್ಲಿರುವ ಲೋಳೆ ತಡೆಯುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯಾ, ಗೊನೊರಿಯಾ ಎಂಬ ಸೋಂಕುಗಳ ರೋಗಾಣುಗಳು ಮೊದಲು ನೆಲೆಸುವುದು ಗರ್ಭಕಂಠದಲ್ಲೇ. ಮುಟ್ಟಿನ ಸಮಯದಲ್ಲಿ ಆ ತಡೆ ಸಡಿಲವಾಗುವುದರಿಂದ, ಅವು ಮೇಲಕ್ಕೆ ಏರುವುದು ಹೆಚ್ಚಾಗಿ ಆಗ. ಅಕ್ಕನ ನೋವು ಮುಟ್ಟಿನ ಬೆನ್ನಿಗೇ ಬಂದದ್ದು ಕಾಕತಾಳೀಯವಾಗಿರಲಿಲ್ಲ. ಅದನ್ನು ಮುಟ್ಟಿನ ನೋವೆಂದು ನಾವು ತಪ್ಪಾಗಿ ತಿಳಿದದ್ದಕ್ಕೂ ಅದೇ ಕಾರಣ. ಯೋನಿಯಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದಾಗ ಹೆಚ್ಚುವ ಬೇರೆ ಬಗೆಯ ಅಣುಜೀವಿಗಳೂ ಹೀಗೆಯೇ ಮೇಲೇರಬಲ್ಲವು. ಹೆರಿಗೆಯ ನಂತರ, ಗರ್ಭಪಾತದ ನಂತರ, ಗರ್ಭಕೋಶದೊಳಗೆ ಉಪಕರಣ ಹಾಕಿ ಮಾಡುವ ಚಿಕಿತ್ಸೆಯ ನಂತರವೂ ಸೋಂಕು ಒಳಸೇರಬಹುದು. ಗರ್ಭಕೋಶ, ನಾಳ, ಅಂಡಾಶಯ, ಅವುಗಳ ಸುತ್ತಲಿನ ಪೊರೆ, ಹೀಗೆ ಎಲ್ಲೆಲ್ಲಿ ಹಬ್ಬುತ್ತದೋ ಅಲ್ಲೆಲ್ಲ ಉರಿಯೂತವಾಗುತ್ತದೆ. ತೀವ್ರವಾದರೆ ನಾಳ ಮತ್ತು ಅಂಡಾಶಯ ಒಂದಕ್ಕೊಂದು ಅಂಟಿ ನಡುವೆ ಕೀವು ತುಂಬುತ್ತದೆ.

ಗೊನೊರಿಯಾದ ರೋಗಾಣು ರೋಮಗಳಿಲ್ಲದ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ, ಆದರೆ ಅದು ಹೊರಚೆಲ್ಲುವ ವಿಷದಿಂದ ಉದುರಿ ಬೀಳುವುದು ಪಕ್ಕದ ರೋಮವುಳ್ಳ ಜೀವಕೋಶಗಳು. ಕ್ಲಮೀಡಿಯಾದ ದಾರಿ ಬೇರೆ. ಅದು ಜೀವಕೋಶದ ಒಳಹೊಕ್ಕು, ಅಲ್ಲೇ ಹೆಚ್ಚಿ, ಎರಡು ಮೂರು ದಿನಗಳಲ್ಲಿ ಅದನ್ನು ಒಡೆದು ಹೊರಬಂದು ಪಕ್ಕದ ಕೋಶಗಳಿಗೆ ಹೋಗುತ್ತದೆ. ಅದರ ವಿರುದ್ಧ ದೇಹ ನಡೆಸುವ ಹೋರಾಟವೇ ಕೊನೆಗೆ ನಾಳದಲ್ಲಿ ಗಾಯದ ಕಲೆಗಳನ್ನು ಉಳಿಸುತ್ತದೆ. ನನಗೆ ಬಹಳ ನೋವಿನಿಂದ ಅರ್ಥವಾದ ಸಂಗತಿ ಇದು: ಆ್ಯಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಕಲೆಯನ್ನು ಅಳಿಸುವುದಿಲ್ಲ. ಒಂದು ಮಿಲಿಮೀಟರ್ ದಾರಿಯಲ್ಲಿ ಕಲೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮೂರು ದಿನ

ವೈದ್ಯೆಯ ಪ್ರಶ್ನೆಗೆ ಕಾರಣ ನನಗೆ ಸಿಕ್ಕಿದ್ದು ಸ್ವೀಡನ್ನಿನ ಲುಂಡ್ ನಗರದಲ್ಲಿ ನಡೆದ ಒಂದು ದೀರ್ಘ ಅಧ್ಯಯನದಲ್ಲಿ. 1960ರಿಂದ 1984ರವರೆಗೆ ಅಲ್ಲಿ, ಈ ಕಾಯಿಲೆ ಇರುವುದನ್ನು ಲ್ಯಾಪರೋಸ್ಕೋಪಿಯಿಂದ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ದರ್ಶಕ ಕೊಳವೆ ಇಳಿಸಿ, ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ 1,844 ಮಹಿಳೆಯರನ್ನು ಲಾರ್ಸ್ ವೆಸ್ಟ್ರೋಮ್ ಎಂಬ ವೈದ್ಯರ ತಂಡ ವರ್ಷಗಟ್ಟಲೆ ಗಮನಿಸುತ್ತಾ ಬಂತು. 1992ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಮ್ಮೆ ಈ ಸೋಂಕು ಬಂದವರಲ್ಲಿ ನೂರಕ್ಕೆ 8 ಮಂದಿಗೆ ನಾಳದ ತೊಂದರೆಯಿಂದ ಮಕ್ಕಳಾಗಲಿಲ್ಲ. ಎರಡು ಬಾರಿ ಬಂದವರಲ್ಲಿ ಅದು ಶೇಕಡಾ 19.5ಕ್ಕೆ, ಮೂರು ಅಥವಾ ಹೆಚ್ಚು ಬಾರಿ ಬಂದವರಲ್ಲಿ ಶೇಕಡಾ 40ಕ್ಕೆ ಏರಿತು. ಪ್ರತಿ ಬಾರಿಗೂ ಹಾನಿ ಸುಮಾರು ಇಮ್ಮಡಿ. ಒಂದೇ ಬಾರಿ ಬಂದವರಲ್ಲೂ, ಉರಿಯೂತ ಸೌಮ್ಯವಾಗಿದ್ದಾಗಲೇ ಪತ್ತೆಯಾದವರಲ್ಲಿ ಹೀಗಾದದ್ದು ನೂರಕ್ಕೆ ಒಬ್ಬರಿಗೂ ಇಲ್ಲ. ತೀವ್ರವಾಗಿದ್ದವರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು.

ಅದೇ ಮಹಿಳೆಯರ ಒಂದು ಗುಂಪಿನ ವಿವರಗಳನ್ನು ಮತ್ತೆ ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಇನ್ನೊಂದು ಬರಹ, ನೋವು ಶುರುವಾದ ಮೇಲೆ ಎಷ್ಟು ದಿನಕ್ಕೆ ಚಿಕಿತ್ಸೆ ಸಿಕ್ಕಿತು ಎಂಬುದನ್ನೇ ಲೆಕ್ಕ ಹಾಕಿತು. ಮೂರು ದಿನದೊಳಗೆ ಬಂದವರಲ್ಲಿ ಶೇಕಡಾ 8.3ರಷ್ಟು ಮಂದಿಗೆ ಮುಂದೆ ಬಂಜೆತನ ಅಥವಾ ನಾಳದಲ್ಲಿ ಗರ್ಭ ಕಟ್ಟುವ ತೊಂದರೆಯಾಯಿತು. ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ತಡಮಾಡಿದವರಲ್ಲಿ ಶೇಕಡಾ 19.7. ಈ ಸಾಲನ್ನು ಓದಿದ ರಾತ್ರಿ ನಾನು ಬಿಸಿನೀರಿನ ಚೀಲ ಹಿಡಿದು ನಿಂತ ನನ್ನನ್ನೇ ಮತ್ತೆ ಮತ್ತೆ ನೋಡಿದೆ. "ಇನ್ನೆರಡು ದಿನ ನೋಡೋಣ" ಎಂಬುದು ಎಷ್ಟು ಸಹಜವಾದ ಮಾತು! ಪ್ರೀತಿಯಿಂದಲೇ ಹೇಳುವ ಮಾತು ಅದು. ನೆಗಡಿಗೆ, ತಲೆನೋವಿಗೆ ಸಲ್ಲುವ ಆ ತಾಳ್ಮೆ ಈ ಒಂದು ನೋವಿಗೆ ಸಲ್ಲುವುದಿಲ್ಲ ಎಂಬುದನ್ನು ನಾವು ಎಲ್ಲಿ ಕಲಿಯಬೇಕಿತ್ತು?

ಹೆಸರಿಲ್ಲದ ನೋವು

ಬೇಗ ಹೋಗಬೇಕಿತ್ತು ಎಂದು ಹೇಳುವುದು ಸುಲಭ. ಆದರೆ ಈ ಕಾಯಿಲೆ ತನ್ನನ್ನು ತೋರಿಸಿಕೊಳ್ಳುವ ರೀತಿಯೇ ಮೋಸದ್ದು. ಕಿಬ್ಬೊಟ್ಟೆಯ ಎರಡೂ ಬದಿಯಲ್ಲಿ ಮಂದವಾದ ನೋವು, ಬಿಳಿಸೆರಗಿನಲ್ಲಿ ಬದಲಾವಣೆ, ಸಂಭೋಗದ ಸಮಯದಲ್ಲಿ ಒಳಗೆ ಆಳದಲ್ಲಿ ನೋವು, ಅದರ ನಂತರ ಅಥವಾ ಎರಡು ಮುಟ್ಟುಗಳ ನಡುವೆ ರಕ್ತ ಕಾಣಿಸುವುದು, ಮೂತ್ರದಲ್ಲಿ ಉರಿ. ಇವುಗಳಲ್ಲಿ ಎರಡೋ ಮೂರೋ ಇರಬಹುದು, ಜ್ವರ ಇರಬಹುದು, ಇಲ್ಲದೆಯೂ ಇರಬಹುದು. ಕೆಲವರಿಗೆ ಸೋಂಕು ಯಕೃತ್ತಿನ ಹೊರಪೊರೆಯವರೆಗೆ ಹಬ್ಬಿ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ. ಆಗ ಪಿತ್ತಕೋಶವನ್ನು ಪರೀಕ್ಷಿಸುತ್ತಾ ದಿನಗಳು ಕಳೆಯುತ್ತವೆ. ಇನ್ನು ಕ್ಲಮೀಡಿಯಾ ತಗುಲಿದ ಹೆಚ್ಚಿನ ಮಹಿಳೆಯರಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ. ನಾಳ ಮುಚ್ಚಿಹೋದ ಎಷ್ಟೋ ಮಂದಿಗೆ ತಮಗೆ ಎಂದೋ ಸೋಂಕಾಗಿತ್ತೆಂಬ ನೆನಪೇ ಇರುವುದಿಲ್ಲ, ಏಕೆಂದರೆ ಅವರಿಗೆ ನೋವೇ ಬಂದಿರುವುದಿಲ್ಲ.

ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆಯೂ ಇದಕ್ಕಿಲ್ಲ. ಸ್ಕ್ಯಾನ್ ಸರಿಯಾಗಿದ್ದರೂ ಕಾಯಿಲೆ ಇರಬಹುದು. ಆದ್ದರಿಂದಲೇ ವೈದ್ಯಕೀಯ ಮಾರ್ಗಸೂಚಿಗಳು ಒಂದು ಅಪರೂಪದ ಧೈರ್ಯವನ್ನು ತೋರಿಸುತ್ತವೆ: ಸೋಂಕಿನ ಸಂಭವವಿರುವ ಮಹಿಳೆಗೆ ಕಿಬ್ಬೊಟ್ಟೆ ನೋವಿದ್ದು, ಬೇರೆ ಕಾರಣ ಕಾಣದೆ, ಒಳಗೆ ಕೈಯಿಟ್ಟು ಪರೀಕ್ಷಿಸಿದಾಗ ಗರ್ಭಕಂಠವನ್ನು ಅಲುಗಿಸಿದರೆ ನೋವಾಗುವುದು, ಅಥವಾ ಗರ್ಭಕೋಶವನ್ನೋ ಅದರ ಪಕ್ಕವನ್ನೋ ಒತ್ತಿದರೆ ನೋವಾಗುವುದು ಕಂಡುಬಂದರೆ, ವರದಿಗಳಿಗೆ ಕಾಯದೆ ಚಿಕಿತ್ಸೆ ಆರಂಭಿಸಬೇಕು ಎನ್ನುತ್ತವೆ. ಅನುಮಾನದ ಮೇಲೆ ಕೊಟ್ಟ ಔಷಧದಿಂದಾಗುವ ತೊಂದರೆಗಿಂತ ಖಚಿತತೆಗಾಗಿ ಕಾದು ಕಳೆದುಕೊಳ್ಳುವುದು ಹೆಚ್ಚು. ಆದರೆ ಆ ಅನುಮಾನ ಬರಬೇಕಾದರೆ ಯಾರಾದರೂ ಕೇಳಬೇಕು, ಪರೀಕ್ಷಿಸಬೇಕು, ಮತ್ತು ಮಹಿಳೆ ಬಾಯಿಬಿಟ್ಟು ಹೇಳಬೇಕು. ಅಕ್ಕನ ವಿಷಯದಲ್ಲಿ ಈ ಮೂರೂ ನಡೆಯಲಿಲ್ಲ. ಅದಕ್ಕೆ ಆ ವೈದ್ಯರೊಬ್ಬರನ್ನೇ ದೂರಲು ನನಗೆ ಮನಸ್ಸಿಲ್ಲ. ದೀಪ ಆರಿಸಿದ ಮೇಲೆ ಮಾತ್ರ ಹೇಳಬಹುದಾದ ಸಂಗತಿಯೆಂದು ಅವಳಿಗೆ ಅನ್ನಿಸುವಂತೆ ಮಾಡಿದವರಲ್ಲಿ ನಾವೂ ಇದ್ದೆವು.

ಚಿಕಿತ್ಸೆ ಕಷ್ಟದ್ದಲ್ಲ. ಈಗ ವ್ಯಾಪಕವಾಗಿ ಅನುಸರಿಸುವ ಕ್ರಮದಲ್ಲಿ ಒಂದು ಇಂಜೆಕ್ಷನ್, ಜೊತೆಗೆ ಎರಡು ಬಗೆಯ ಮಾತ್ರೆಗಳು 14 ದಿನ. ಒಂದಕ್ಕಿಂತ ಹೆಚ್ಚು ಬಗೆಯ ಔಷಧ ಯಾಕೆಂದರೆ ಒಳಗೆ ಒಂದಕ್ಕಿಂತ ಹೆಚ್ಚು ಬಗೆಯ ಅಣುಜೀವಿಗಳಿರುತ್ತವೆ. ಮೂರು ದಿನದೊಳಗೆ ಸುಧಾರಣೆ ಕಾಣದಿದ್ದರೆ ಮತ್ತೆ ಹೋಗಿ ತೋರಿಸಬೇಕು. ಗರ್ಭಿಣಿಯರಿಗೆ, ಕೀವು ಕಟ್ಟಿದವರಿಗೆ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾಗುವವರಿಗೆ ಆಸ್ಪತ್ರೆಯಲ್ಲೇ ಚಿಕಿತ್ಸೆ ನಡೆಯಬೇಕು. ನೋವು ಮೂರನೆಯ ದಿನಕ್ಕೆ ತಗ್ಗುತ್ತದೆ, ಸೋಂಕು ತಗ್ಗಿರುವುದಿಲ್ಲ; 14 ದಿನದ ಔಷಧವನ್ನು ಅರ್ಧಕ್ಕೆ ಬಿಡುವ ಅಪಾಯ ಇರುವುದು ಈ ಅಂತರದಲ್ಲಿಯೇ.

ಗರ್ಭ ಕಟ್ಟದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿಯ ಬಗ್ಗೆ ಒಂದು ಮಾತು, ಏಕೆಂದರೆ ಈ ಕಾಯಿಲೆಯ ಹೆಸರು ಕೇಳಿದೊಡನೆ ಅನೇಕರು ಅದರ ಮೇಲೆ ಆರೋಪ ಹೊರಿಸುತ್ತಾರೆ. ಅಪಾಯ ಹೆಚ್ಚಿರುವುದು ಅದನ್ನು ಅಳವಡಿಸಿದ ಮೊದಲ ಮೂರು ವಾರಗಳಲ್ಲಿ ಮಾತ್ರ. ಆ ಹೊತ್ತಿಗೆ ಗರ್ಭಕಂಠದಲ್ಲಿ ಸೋಂಕಿದ್ದರೆ ಅದು ಮೇಲೇರಬಹುದು. ಆಮೇಲೆ ಅಪಾಯ ಬಹಳ ಕಡಿಮೆ. ಅದಿರುವಾಗಲೇ ಸೋಂಕಾದರೂ ಸಾಮಾನ್ಯವಾಗಿ ತಕ್ಷಣ ತೆಗೆಯಬೇಕಿಲ್ಲ. ಚಿಕಿತ್ಸೆ ಆರಂಭಿಸಿ ಎರಡು ಮೂರು ದಿನ ನೋಡುತ್ತಾರೆ. ಇದಕ್ಕೆ ಬದಲಾಗಿ, ಶುಚಿತ್ವಕ್ಕೆಂದು ಯೋನಿಯ ಒಳಭಾಗವನ್ನು ದ್ರವಗಳಿಂದ ತೊಳೆಯುವ ಅಭ್ಯಾಸದ ಬಗ್ಗೆ ಹೆಚ್ಚು ಜನರಿಗೆ ತಿಳಿಯಬೇಕು. ಅದು ಒಳಗಿನ ಸಹಜ ಸಮತೋಲವನ್ನು ಕೆಡಿಸುತ್ತದೆ.

ಇನ್ನೊಬ್ಬರ ದೇಹ

ಆರು ವರ್ಷ ಅಕ್ಕ ಪರೀಕ್ಷೆಯ ಮೇಲೆ ಪರೀಕ್ಷೆಗೆ ಹೋದಳು. ಭಾವನವರನ್ನು ಅವರ ಹಳೆಯ ಆರೋಗ್ಯದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕೆಂದು ತೋಚಲಿಲ್ಲ.

ಈ ಮರೆವು ಹಳೆಯದು. 1872ರಲ್ಲಿ ಎಮಿಲ್ ನೋಗೆರಾತ್ ಎಂಬ ಸ್ತ್ರೀರೋಗ ತಜ್ಞರು, ಗಂಡನಿಗೆ ಹಿಂದೆಂದೋ ಬಂದು ಗುಣವಾಯಿತೆಂದು ನಂಬಿದ್ದ ಗೊನೊರಿಯಾ ಒಳಗೇ ಉಳಿದು, ಮದುವೆಯ ನಂತರ ಹೆಂಡತಿಗೆ ಹರಡಿ, ಸದ್ದಿಲ್ಲದೆ ಅವಳ ಒಳ ಅಂಗಗಳನ್ನು ಹಾಳುಮಾಡಿ ಬಂಜೆತನ ತರುತ್ತದೆ ಎಂದು ಬರೆದರು. ಅಲ್ಲಿಯವರೆಗೆ ಮಕ್ಕಳಾಗದಿರುವುದಕ್ಕೆ ಕಾರಣವನ್ನು ಹೆಣ್ಣಿನ ದೇಹದಲ್ಲಷ್ಟೇ ಹುಡುಕುತ್ತಿದ್ದ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಅದನ್ನು ತಳ್ಳಿಹಾಕಿದರು. 1879ರಲ್ಲಿ ಆಲ್ಬರ್ಟ್ ನೈಸರ್ ಗೊನೊರಿಯಾದ ರೋಗಾಣುವನ್ನು ಗುರುತಿಸಿದ ಮೇಲೆ ಅವರ ಮಾತಿಗೆ ಬಲ ಬಂತು. ನೂರೈವತ್ತು ವರ್ಷ ಕಳೆದರೂ, ಮಕ್ಕಳಾಗದ ದಂಪತಿಯಲ್ಲಿ ಮೊದಲು ಪರೀಕ್ಷೆಯ ಮೇಜನ್ನು ಹತ್ತುವವಳು ಹೆಂಡತಿಯೇ ಆಗಿರುವುದನ್ನು ನೋಡಿದಾಗ ನನಗೆ ದುಃಖವಾಗುತ್ತದೆ.

ಹಾಗೆಂದು ಆರೋಪವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದೂ ಸರಿಯಲ್ಲ. ಈ ಕಾಯಿಲೆಯಿಂದ ಬಳಲುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಪರೀಕ್ಷೆಯಲ್ಲಿ ಗೊನೊರಿಯಾವೂ ಸಿಗುವುದಿಲ್ಲ, ಕ್ಲಮೀಡಿಯಾವೂ ಸಿಗುವುದಿಲ್ಲ. ಸಿಕ್ಕಿದರೂ, ಕ್ಲಮೀಡಿಯಾ ಇಬ್ಬರಲ್ಲಿ ಯಾರಲ್ಲಾದರೂ ಸದ್ದಿಲ್ಲದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಇರಬಲ್ಲದು; ಯಾರಿಂದ ಯಾರಿಗೆ, ಯಾವಾಗ ಬಂತೆಂದು ಹೇಳಲು ಆಗುವುದಿಲ್ಲ. ಹಾಗಾಗಿ ಈ ರೋಗದ ಹೆಸರನ್ನು ಯಾರ ನಡತೆಯ ಮೇಲಿನ ತೀರ್ಪಾಗಿಯೂ ಓದಬಾರದು. ಹಾಗೆ ಓದುವ ಭಯದಿಂದಲೇ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಬಾಯಿ ಮುಚ್ಚಿಕೊಂಡಷ್ಟು ದಿನವೂ ನಾಳದಲ್ಲಿ ಕಲೆ ಬೆಳೆಯುತ್ತದೆ. ಇದರಿಂದ ಹೊರಡುವ ವೈದ್ಯಕೀಯ ಸಲಹೆ ಸರಳವಾದದ್ದು: ಹಿಂದಿನ 60 ದಿನಗಳಲ್ಲಿ ಜೊತೆಗಿದ್ದ ಸಂಗಾತಿಗೂ, ಏನೂ ತೊಂದರೆ ಕಾಣದಿದ್ದರೂ, ಪರೀಕ್ಷೆ ಮತ್ತು ಚಿಕಿತ್ಸೆ ಆಗಬೇಕು, ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ದೈಹಿಕ ಸಂಪರ್ಕ ಬೇಡ. ಇಲ್ಲವಾದರೆ ಒಬ್ಬರು ಗುಣವಾಗಿ ಮತ್ತೆ ಇನ್ನೊಬ್ಬರಿಂದ ಪಡೆಯುತ್ತಾರೆ, ಮತ್ತು ಎರಡನೆಯ ಬಾರಿಯ ಲೆಕ್ಕ ಏನೆಂದು ಲುಂಡ್‌ನ ಅಂಕಿಗಳು ತೋರಿಸಿವೆ. ತೊಂದರೆಯೇ ಇಲ್ಲದ ಯುವತಿಯರನ್ನು ಕ್ಲಮೀಡಿಯಾಕ್ಕಾಗಿ ಪರೀಕ್ಷಿಸಿ ಚಿಕಿತ್ಸೆ ಕೊಟ್ಟಾಗ, ಮುಂದಿನ ಒಂದು ವರ್ಷದಲ್ಲಿ ಶ್ರೋಣಿಯ ಉರಿಯೂತ ಅರ್ಧಕ್ಕಿಂತ ಹೆಚ್ಚು ಕಡಿಮೆಯಾದುದನ್ನು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡಿತು.

ಉಳಿದದ್ದು

ಅಕ್ಕನಿಗೆ ಈಗಲೂ ಕೆಲವು ದಿನ ಕಿಬ್ಬೊಟ್ಟೆಯಲ್ಲಿ ನೋವು ಬರುತ್ತದೆ. ಒಳಗಿನ ಅಂಗಗಳು ಅಂಟಿಕೊಂಡಿರುವುದರಿಂದ ಹೀಗಾಗಬಹುದು ಎಂದಿದ್ದಾರೆ. ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಈ ನೋವು ಬಂಜೆತನಕ್ಕಿಂತ ಹೆಚ್ಚು ಮಂದಿಯನ್ನು ಕಾಡುತ್ತದೆ, ಆದರೆ ಮಕ್ಕಳ ಪ್ರಶ್ನೆಯ ಮುಂದೆ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಅವಳಿಗೆ ವೈದ್ಯೆ ಒತ್ತಿ ಹೇಳಿದ್ದು ಇನ್ನೊಂದು ವಿಷಯ. ಬಲಗಡೆಯ ನಾಳ ತೆರೆದಿದೆಯಾದರೂ ಅದರ ಒಳಪದರ ಹಾಳಾಗಿರಬಹುದು, ಭ್ರೂಣ ದಾರಿಯಲ್ಲೇ ನಿಂತು ಅಲ್ಲೇ ಬೆಳೆಯಬಹುದು. ಮುಟ್ಟು ತಪ್ಪಿದರೆ ಕಾಯಬಾರದು, ಗರ್ಭ ಎಲ್ಲಿ ಕಟ್ಟಿದೆ ಎಂದು ಬೇಗನೆ ನೋಡಬೇಕು. ಒಂದೇ ಬದಿಯಲ್ಲಿ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆ ತಿರುಗುವುದು ಕಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು, ಏಕೆಂದರೆ ನಾಳ ಒಡೆದರೆ ಒಳಗೇ ರಕ್ತ ಹರಿದು ಜೀವಕ್ಕೆ ಅಪಾಯ. ಲುಂಡ್‌ನಲ್ಲಿ ಈ ಸೋಂಕಾಗಿದ್ದವರ ಮೊದಲ ಗರ್ಭಗಳಲ್ಲಿ ಶೇಕಡಾ 9.1ರಷ್ಟು ಹೀಗೆ ಹೊರಗೆ ಕಟ್ಟಿದ್ದವು. ಸೋಂಕಾಗದವರಲ್ಲಿ ಅದು ಶೇಕಡಾ 1.4.

ಅಂಡವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಐವಿಎಫ್‌ನ ಮಾತೂ ಬಂದಿದೆ. 1978ರಲ್ಲಿ ಆ ವಿಧಾನದಿಂದ ಮೊದಲ ಮಗು ಹುಟ್ಟಿದ್ದು ನಾಳಗಳು ಮುಚ್ಚಿದ್ದ ತಾಯಿಗೆ. ನಾಳದ ದಾರಿಯನ್ನು ಬಿಟ್ಟು ಸುತ್ತಿಹೋಗಲೆಂದೇ ಅದನ್ನು ರೂಪಿಸಿದ್ದು. ಆದರೆ ಅಕ್ಕನ ಎಡಗಡೆಯ ಉಬ್ಬಿದ ನಾಳದಲ್ಲಿ ತುಂಬಿರುವ ನೀರು ಗರ್ಭಕೋಶಕ್ಕೆ ಜಿನುಗಿ ಭ್ರೂಣ ನೆಲೆಸದಂತೆ ಮಾಡುತ್ತದೆ, ಮೊದಲು ಆ ನಾಳವನ್ನು ತೆಗೆದರೆ ಯಶಸ್ಸಿನ ಸಾಧ್ಯತೆ ಹೆಚ್ಚುತ್ತದೆ ಎಂದಿದ್ದಾರೆ. ಅಕ್ಕ ಇನ್ನೂ ನಿರ್ಧರಿಸಿಲ್ಲ. "ಒಂದು ಅಂಗವನ್ನು ಬಿಟ್ಟುಕೊಡಲು ನನಗೆ ಸ್ವಲ್ಪ ಸಮಯ ಬೇಕು ಕಣೇ" ಎಂದಳು. ಈ ಒಂದು ವಿಷಯದಲ್ಲಿ ಅವಳು ಎಷ್ಟು ದಿನ ತೆಗೆದುಕೊಂಡರೂ ಸರಿಯೇ.

ಕಳೆದ ತಿಂಗಳು ನಾವಿಬ್ಬರೂ ಕೂತು ಆ ಹಳೆಯ ದಿನಗಳನ್ನು ಒಂದೊಂದಾಗಿ ಹೊಂದಿಸಿದೆವು. ಅವಳು ಬಂದ ದಿನ ಭಾನುವಾರ ಎಂಬುದು ನನಗೆ ನೆನಪಿತ್ತು. ವೈದ್ಯರಲ್ಲಿಗೆ ಹೋದದ್ದು ಮರುವಾರದ ಗುರುವಾರ, ಅಂದು ನನಗೆ ಪರೀಕ್ಷೆಯಿತ್ತು. ಬರುವ ಹಿಂದಿನ ದಿನವೇ ನೋವು ಶುರುವಾಗಿತ್ತೆಂದು ಅಕ್ಕ ಹೇಳಿದಳು. ಹನ್ನೆರಡು ದಿನ. ಆಸ್ಪತ್ರೆಯ ಕಡತದ ಮೊದಲ ಪುಟದಲ್ಲಿ ಅದನ್ನು ಅವಳೇ ಬರೆದಳು: ಕಿಬ್ಬೊಟ್ಟೆ ನೋವು, ಜ್ವರ, ಹಳದಿ ಬಿಳಿಸೆರಗು, ಹನ್ನೆರಡು ದಿನ, ಔಷಧ ಪೂರ್ತಿಯಾಗಲಿಲ್ಲ. ಸಂಜೆ ಭಾವನವರು ಬಂದು ಅದನ್ನು ಓದಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಪೆನ್ನು ಕೇಳಿ ತೆಗೆದುಕೊಂಡು, ಅದರ ಕೆಳಗೆ ತಾವೂ ಒಂದು ಸಾಲು ಬರೆದರು: ಮದುವೆಗೆ ಹಿಂದಿನ ವರ್ಷ, ಮೂತ್ರ ಮಾಡುವಾಗ ಉರಿ, ಒಂದೆರಡು ಮಾತ್ರೆ ನುಂಗಿದ್ದೆ, ಎಷ್ಟು ದಿನ ಇತ್ತೆಂದು ನೆನಪಿಲ್ಲ.